ಮೂರನೇ ಹಂತ ಪಾಸಾದವರು

ಆಸ್ಪತ್ರೆಯ ಲಿಫ್ಟಿಗಾಗಿ ಹಿರಿಯ ನರ್ಸ್ ಕಾಯುತ್ತಿದ್ದಳು. ಅವಳ ಮುಂದೆ, ವಾರ್ಡಿನಲ್ಲಿ ಔಷಧಿ ಕೊಟ್ಟದ್ದನ್ನು ದಾಖಲಿಸುವ ಸಾಫ್ಟ್‌ವೇರ್ ಮಾಡಿದ ಕಂಪನಿಯ ಇಬ್ಬರು ನಿಂತಿದ್ದರು, ಒಬ್ಬ ಬಾಸು ಮತ್ತು ಅವನ ಕೈಕೆಳಗಿನ ಹುಡುಗಿ.

"ಸರ್, ರಿಕ್ವೈರ್‌ಮೆಂಟ್ಸ್ ಸರ್ಟಿಫಿಕೇಟ್ ಪರೀಕ್ಷೆ ಪಾಸಾದೆ. ಮೊದಲನೇ ಹಂತ," ಎಂದಳು ಹುಡುಗಿ.

"ಅದು ಯಾರಿಗೆ ಬೇಕಾದ್ರೂ ಆಗತ್ತೆ. ಟಿಕ್ ಹಾಕ್ತಾ ಹೋದ್ರೆ ಮುಗೀತು. ಎರಡನೇದಕ್ಕೆ ಸ್ವಲ್ಪ ತಲೆ ಬೇಕು. ನಂದು ಮೂರನೇದು, ಅದರ ಮೇಲೆ ಇನ್ನಿಲ್ಲ."

"ಬಳಸೋರಿಗೆ ಏನು ಬೇಕು ಅಂತ ಅವರನ್ನೇ ಕೇಳಿ ಅಂತ ಆ ಪರೀಕ್ಷೆ ಪುಸ್ತಕದ ತುಂಬಾ ಇದೆ. ಇಲ್ಲಿ ನರ್ಸ್‌ಗಳನ್ನ ಕೇಳಿದ್ರಾ ಸರ್?"

"ಕೇಳಿದ್ರೆ ಪುರಾಣ ಬಿಚ್ತಾರೆ. ತಮಗೆ ಏನು ಬೇಕು ಅಂತ ಅವರಿಗೆ ಎಲ್ಲಿ ಗೊತ್ತಿರತ್ತೆ?"

"ರೋಗಿ ಮಾತ್ರೆ ವಾಂತಿ ಮಾಡ್ಕೊಂಡ್ರೆ ಬರೆಯೋಕೆ ಜಾಗ ಇಲ್ಲ ಅಂತ ಒಬ್ಬರು ನಾಲ್ಕು ಸಲ ದೂರು ಕೊಟ್ಟಿದಾರೆ. 'ಕೊಟ್ಟಿದೆ', 'ಕೊಟ್ಟಿಲ್ಲ', ಎರಡೇ ಇದೆಯಂತೆ."

"ಯಾವುದೋ ತಲೆಹರಟೆ. ಇನ್ನೊಂದು ಸಲ ಟ್ರೇನಿಂಗ್ ಕೊಟ್ಟು ಬಾ."

ಆ ತಲೆಹರಟೆ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಹೋದ ವಾರ ಒಬ್ಬ ಮುದುಕಪ್ಪ ಫಿಟ್ಸ್ ಮಾತ್ರೆಯನ್ನು ವಾಂತಿ ಮಾಡಿಕೊಂಡಿದ್ದ. ಪರದೆಯಲ್ಲಿ 'ಕೊಟ್ಟಿದೆ' ಎಂದಿದ್ದುದನ್ನು ನೋಡಿ ಮುಂದಿನ ಪಾಳಿಯವಳು ಮತ್ತೆ ಕೊಡಲಿಲ್ಲ. ಸಂಜೆಗೆ ಅವನಿಗೆ ಫಿಟ್ಸ್ ಬಂದು, ಮಂಚದಿಂದ ಬಿದ್ದು ಹಣೆ ಒಡೆದಿತ್ತು.

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ಬಾಸು ಗುಂಡಿಯ ಮೇಲೆ ಬೆರಳಿಟ್ಟ.

"ಸಿಸ್ಟರ್, ನಿಮಗೆ ಯಾವ ಮಹಡಿ ಬೇಕು?"

"ಅಷ್ಟಾದ್ರೂ ಕೇಳಿದ್ರಲ್ಲ, ಪುಣ್ಯ," ಎಂದಳು ನರ್ಸ್. "ನೀವು ಹೋಗಿ. ನಾನು ಮೆಟ್ಟಿಲು ಹತ್ಕೊಂಡು ಬರ್ತೀನಿ."

ಹುಡುಗಿ ತಲೆ ತಗ್ಗಿಸಿದಳು.

"ಏನಂತೆ ಆಯಮ್ಮಂದು?" ಎಂದು ಬಾಸು ಅವಳನ್ನು ಕೇಳುತ್ತಿದ್ದಂತೆ ಬಾಗಿಲು ಮುಚ್ಚಿಕೊಂಡಿತು.