ಅದರಲ್ಲಿರೋದು ಐದೇ ವೋಲ್ಟ್

ಬೇಡ ಆಪಾ, ಚಾ ಬೇಡ. ಆಟೋ ಕೆಳಗೇ ನಿಂತಿದೆ... ಹಾಂ, ಕರೆಂಟ್ ಹೊಡೆದಿದೆ ಅಂದೆನಲ್ಲ, ಅಷ್ಟೇ. ಅಬ್ರಾರ್ ಕೈ ಸ್ವಲ್ಪ ಸುಟ್ಟಿದೆ. ನಿಮ್ಮ ಯಜಮಾನ್ರು, ಜಾಫರ್ ಭಾಯ್, ಆಗ್ಲೇ ಆಸ್ಪತ್ರೇಲಿದ್ದಾರೆ. ಅವರೇ ನನ್ನ ಕಳಿಸಿದ್ದು. ಮನೋಹರ್, ನೀನೇ ಹೋಗಿ ನಜ್ಮುನ್ನೀಸಾನ ಕರ್ಕೊಂಡ್ ಬಾ, ಒಬ್ಳೇ ಬರೋದು ಬೇಡ ಅಂದ್ರು. ನೀವು ಬುರ್ಖಾ ಹಾಕ್ಕೊಳ್ಳಿ.

ಏನಂದ್ರಿ... ಐದು ವೋಲ್ಟಾ? ಅಬ್ರಾರ್ ಹೇಳಿದ್ನಾ? ನಮ್ಮ ಬೋರ್ಡಲ್ಲಿರೋದು ಐದೇ ವೋಲ್ಟ್, ಫೋನ್ ಚಾರ್ಜರ್ ಇದ್ದಂಗೆ, ಭಯಪಡ್ಬೇಡ ಆಪಾ ಅಂತ... ಹೌದು. ಅವನು ಸುಳ್ಳು ಹೇಳಿಲ್ಲ. ಐದೇ.

ಮತ್ತೆ ಹೆಂಗೆ ಹೊಡೀತು ಅಂದ್ರೆ... ಕೂತ್ಕೊಳ್ಳಲ್ಲ, ನಿಂತೇ ಹೇಳ್ತೀನಿ. ನಾವು ಮಾಡೋದು ಪಂಪ್ ಟೈಮರ್, ಗೊತ್ತಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಮೋಟರ್ ತಾನೇ ಆನ್ ಆಗಿ, ತಾನೇ ಆಫ್ ಆಗೋಕೆ. ಗೋಡೇಲಿ ಬರೋದು ಇನ್ನೂರ ಮೂವತ್ತು ವೋಲ್ಟ್, ಒಳಗಿನ ಚಿಪ್‌ಗೆ ಬೇಕಾಗಿರೋದು ಐದು. ಇಳಿಸ್ಬೇಕಲ್ಲ. ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಒಳಗೆ ಎರಡು ತಂತಿ ಸುರುಳಿ ಇರುತ್ತೆ, ಒಂದಕ್ಕೊಂದು ತಾಗೋದೇ ಇಲ್ಲ. ಗೋಡೆ ಕಡೇದು ಗೋಡೆ ಕಡೆ, ನಮ್ದು ನಮ್ ಕಡೆ. ಆದ್ರೆ ಅದು ದಪ್ಪ, ಭಾರ, ಚಿಕ್ಕ ಡಬ್ಬೀಲಿ ಕೂರಲ್ಲ. ಅಬ್ರಾರ್ ಅದನ್ನ ತೆಗ್ದು ಒಂದು ಕೆಪಾಸಿಟರ್ ಇಟ್ಟ. ಜತೆಗೆ ಎರಡು ರೆಸಿಸ್ಟರ್, ಡಯೋಡು, ಮುಗೀತು. ಬೆಂಕಿಪೊಟ್ಟಣದಷ್ಟು ಬೋರ್ಡು. ಅದು ಮೊದಲನೇ ಸಲ ಓಡಿದ ದಿನ ಊಟ ಬಿಟ್ಟು ಅದನ್ನೇ ನೋಡ್ತಾ ಕೂತಿದ್ದ. ಸೋಲದೇವನಹಳ್ಳಿ ಕಾಲೇಜಲ್ಲಿ ಒಂದೇ ಬೆಂಚಲ್ಲಿ ಕೂತಾಗಿಂದ ಹಂಗೇ ಅವನು.

ನಕ್ಕಿರಾ? ಹೌದು, ನಿಮಗೂ ಗೊತ್ತು ನಿಮ್ಮ ತಮ್ಮನ ಬುದ್ಧಿ.

ಆದ್ರೆ ಟ್ರಾನ್ಸ್‌ಫಾರ್ಮರ್ ಇಲ್ಲ ಅಂದ್ಮೇಲೆ ಆ ಬೋರ್ಡು ನೇರ ಗೋಡೆಗೇ ಸೇರ್ಕೊಂಡಿರುತ್ತೆ. ಚಿಪ್‌ನ ಒಂದು ಕಾಲಿಂದ ಇನ್ನೊಂದು ಕಾಲಿಗೆ ಅಳತೆ ಮಾಡಿದ್ರೆ ಐದು. ನೆಲದ ಮೇಲೆ ನಿಂತು ಮುಟ್ಟಿದ್ರೆ ಐದಲ್ಲ. ಅದಕ್ಕೇ ನಾವು ಡಬ್ಬೀನ ಸೀಲ್ ಮಾಡ್ತೀವಿ, ಯಾರ ಕೈಯೂ ಒಳಗೆ ಹೋಗ್ಬಾರ್ದು ಅಂತ. ನಿಮ್ಮ ಮಗಳು ಲೈಬಾಗೆ ರಾತ್ರಿ ದೀಪ ಮಾಡ್ಕೊಟ್ಟಿದ್ದಾನಲ್ಲ, ಅದಕ್ಕೆ ಮಾತ್ರ ಟ್ರಾನ್ಸ್‌ಫಾರ್ಮರ್ ಹಾಕಿದ್ದಾನೆ. ಇದ್ಯಾಕೋ ಇಷ್ಟು ದಪ್ಪ ಅಂದೆ. ಮಗು ಬಿಚ್ಚುತ್ತೆ ಕಣೋ, ಅದರ ಕೈ ಸುಮ್ನಿರಲ್ಲ ಅಂದ... ಇರ್ಲಿ ಆಪಾ, ಅದನ್ನ ತರ್ಬೇಡಿ. ನೋಡಿದ್ದೀನಿ ನಾನು.

ಇವತ್ತು ಜಕ್ಕೂರ್ ಹತ್ರ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ವಿ. ಟೈಮರ್‌ದು ಡಿಸ್‌ಪ್ಲೇ ಮಂಕಾಗಿದೆ ಅಂತ ಅಲ್ಲಿನ ವಾಚ್‌ಮನ್ ಪಂಚಪ್ಪ ಫೋನ್ ಮಾಡಿದ್ರು. ಆ ಕೆಪಾಸಿಟರ್ ವರ್ಷ ಕಳೆದಂಗೆ ಸವೆಯುತ್ತೆ, ಬದಲಾಯಿಸ್ಬೇಕು, ದೊಡ್ಡ ಕೆಲಸ ಏನಲ್ಲ. ಪಂಪ್ ರೂಮಿನ ನೆಲ ಒದ್ದೆ ಇತ್ತು. ಅಬ್ರಾರ್ ಸ್ವಿಚ್ ಆಫ್ ಮಾಡ್ದ. ಡಿಸ್‌ಪ್ಲೇ ಆರ್ತು. ನಾನು ಸೋಲ್ಡರಿಂಗ್ ಐರನ್ ತರೋಕೆ ಗಾಡಿ ಹತ್ರ ಹೋದೆ.

ಹೌದು, ಆಫ್ ಮಾಡಿದ್ದ. ಪಂಚಪ್ಪನೂ ನೋಡಿದ್ದಾರೆ. ಆದ್ರೆ ಆ ರೂಮಿಗೆ ಯಾರೋ ವೈರಿಂಗ್ ಮಾಡಿದವರು ತಂತಿ ಅದಲು ಬದಲು ಕೊಟ್ಟಿದ್ರು. ಸ್ವಿಚ್ ಆಫ್ ಮಾಡಿದ್ರೆ ನ್ಯೂಟ್ರಲ್ ಮಾತ್ರ ಕಟ್ ಆಗ್ತಿತ್ತು, ಫೇಸ್, ಅಂದ್ರೆ ಕರೆಂಟ್ ತರೋ ತಂತಿ, ಹಂಗೇ ಬೋರ್ಡ್ ತನಕ ಬಂದಿರ್ತಿತ್ತು. ದೀಪ ಇಲ್ಲ, ಸದ್ದಿಲ್ಲ, ಏನೂ ಇಲ್ಲದಂಗೇ ಕಾಣುತ್ತೆ. ಅವನು ಯಾವಾಗ್ಲೂ ಟೆಸ್ಟರ್ ಇಟ್ಟು ನೋಡೋನು. ಇವತ್ತು ಯಾಕೆ ನೋಡ್ಲಿಲ್ಲ, ಗೊತ್ತಿಲ್ಲ. ಒಂದು ಕೈ ಬೋರ್ಡಿನ ಮೇಲೆ, ಇನ್ನೊಂದು ಕೈಯಲ್ಲಿ ಪಂಪಿನ ಪೈಪ್ ಹಿಡ್ಕೊಂಡಿದ್ದ.

ಪಂಚಪ್ಪ ಕೂಗಿದ್ರು. ನಾನು ಓಡ್ಬಂದು ಮೇನ್ ಎಳ್ದೆ. ಅಂಗಾತ ಮಲಗಿಸಿ ಎದೆ ಒತ್ತಿದೆ. ಕಾಲೇಜಲ್ಲಿ ಕಲಿಸಿದ್ರಲ್ಲ, ಹಂಗೇ. ಆಂಬುಲೆನ್ಸ್ ಬರೋವರೆಗೂ ಒತ್ತಿದೆ. ಆಂಬುಲೆನ್ಸಿನವನು ಬಂದು, ಬಿಡಿ ಅಣ್ಣ ಸಾಕು, ಅಂತ ನನ್ನ ಭುಜ ಹಿಡ್ದು...

ಇಲ್ಲ, ಕೈ. ಕೈ ಸುಟ್ಟಿರೋದು ನಿಜ ಆಪಾ, ಬಲಗೈ, ಹೆಬ್ಬೆರಳ ಹತ್ರ. ಎದೆ ಒತ್ತಿದ್ದು... ಅದು ಒಂದು ಮುಂಜಾಗ್ರತೆಗೆ.

ಏಳಿ, ಹೊರಡೋಣ. ಟ್ರಾಫಿಕ್ ಜಾಸ್ತಿ ಆಗುತ್ತೆ, ಹೆಬ್ಬಾಳ ದಾಟೋಕೇ ಹೊತ್ತಾಗುತ್ತೆ. ಆಪಾ? ಯಾಕೆ ನೆಲದ ಮೇಲೆ ಕೂತ್ಬಿಟ್ರಿ?



ನಾನು ಬಂದಾಗಿಂದ ನೀವು ಯಾವ ಆಸ್ಪತ್ರೆ ಅಂತ ಕೇಳ್ಲಿಲ್ಲ. ಡಾಕ್ಟರ್ ಏನಂದ್ರು ಅಂತ ಕೇಳ್ಲಿಲ್ಲ. ನನ್ನ ಕೇಳ್ತಾನಾ, ಮಾತಾಡ್ತಾನಾ ಅಂತ... ಎತ್ತಿ ಆಡಿಸಿ ಬೆಳೆಸಿದವರು ನೀವು, ಅದೊಂದನ್ನೂ ಕೇಳ್ಲಿಲ್ಲ. ನಾನು ಈಗ ಗಮನಿಸಿದೆ. ಬಾಗಿಲು ತೆಗೆದಾಗ್ಲೇ ನನ್ನ ಮುಖ ನೋಡಿದ್ರಲ್ಲ, ಆಗ್ಲೇನಾ?

ಅಲ್ಲಿಗೆ ಕರ್ಕೊಂಡ್ ಬಾ, ನಾನೇ ಹೇಳ್ತೀನಿ ಅಂದಿದ್ರು ಭಾಯ್. ನಾನು ಹೇಳ್ಬಾರ್ದಿತ್ತು.

ಹೌದು ಆಪಾ. ಪಂಪ್ ರೂಮಲ್ಲೇ.