ಬಾಯ್ಲರಿನ ನಲ್ಲಿಗೆ ಮೇಷ್ಟರ ನೂಲು

೧೯೫೩ರ ಜನವರಿ. ಮಡಿಕೇರಿ ಬಸ್ ನಿಲ್ದಾಣದ ಪಕ್ಕ, ವೀರಾಚಾರಿಯ ಅಂಗಡಿಯಲ್ಲಿ ಸ್ಟೌ ರಿಪೇರಿಗೆ ಕಾಯುತ್ತಿದ್ದೆ. ಸಿದ್ದಾಪುರದ ಹೆಂಗಸೊಬ್ಬರು ಬಚ್ಚಲಿನ ತಾಮ್ರದ ಬಾಯ್ಲರಿನ ನಲ್ಲಿ ತಂದಿದ್ದರು.

“ಬಿಸಿನೀರೆಲ್ಲ ಸೋರಿಹೋಗ್ತದೆ, ಆಚಾರ್ರೇ.”

ಆಚಾರಿ ನಲ್ಲಿಯನ್ನೇ ನೋಡುತ್ತಿದ್ದರು. “ಒಳಗಿನ ನೂಲು ಕೊಳೆತಿದೆ ಕಾಮಾಕ್ಷಮ್ಮ. ಹೊಸದು ಸುತ್ತಿ ಮೇಣ ಹಾಕ್ಬೇಕು. ವರ್ಷಾ ವರ್ಷಾ ನಿಮ್ಮ ಯಜಮಾನ್ರು ಮೇಷ್ಟ್ರೇ ಸುತ್ತಿ ನನ್ನ ಹೊಟ್ಟೆ ಮೇಲೆ ಹೊಡೀತಿದ್ರಲ್ಲ?”

“ಈ ವರ್ಷ ಅವರಿಲ್ಲ.”

ಆಚಾರಿ ತಲೆ ಎತ್ತಿ ಅವರ ಬರಿಹಣೆ ನೋಡಿದ್ದು ಆಗಲೇ.

“ಗೊತ್ತಾಗ್ಲಿಲ್ಲ, ತಾಯಿ.”

ಕಾಮಾಕ್ಷಮ್ಮ ಚೀಲದಿಂದ ನೂಲಿನ ಲಡಿಯೊಂದನ್ನು ತೆಗೆದರು. “ಇದನ್ನೇ ಸುತ್ತಿ. ಅವರು ತಕಲೀಲಿ ಕೈಯಾರೆ ನೂತದ್ದು.”

“ಇನ್ನೂ ಇದೆಯಾ?”

“ಇಷ್ಟೇ.”

“ಹಾಗಾದ್ರೆ ಇಟ್ಕೊಳ್ಳಿ. ನನ್ನ ಹತ್ರ ದಾರ ಉಂಟು.”

“ಬೇಡ. ಅತ್ತೆಗೆ ಮರೆವು. ನಲ್ಲಿ ಸೋರಿದಾಗೆಲ್ಲ ‘ಅವನು ಇನ್ನೂ ಸುತ್ಲಿಲ್ವಾ’ ಅಂತ ಕೇಳ್ತಾರೆ. ಅವರಿಲ್ಲ ಅಂತ ನಾನು ಹೇಳ್ಬೇಕು. ಅವರು ಮತ್ತೆ ಹೊಸದಾಗಿ ಅಳ್ತಾರೆ. ಇನ್ಮೇಲೆ ಕೇಳಿದ್ರೆ, ಸುತ್ತಿರೋದು ಅವರದೇ ನೂಲು ಅಂತ ಸುಳ್ಳಿಲ್ದೆ ಹೇಳ್ತೀನಿ.”

ಆಚಾರಿ ಗೇಣುದ್ದ ಮಾತ್ರ ಕತ್ತರಿಸಿ ಸುತ್ತಿದರು. ಉಳಿದದ್ದನ್ನು ಕಾಗದದಲ್ಲಿ ಮಡಚಿ ಕೊಟ್ಟರು.

“ವರ್ಷಕ್ಕೆ ಗೇಣುದ್ದ ಸಾಕು. ಉಳಿದದ್ದು ನಿಮ್ಮತ್ತೆ ಇರೋವರೆಗೂ ಬರ್ತದೆ.”

ಸಿದ್ದಾಪುರದ ಬಸ್ಸು ಹಾರನ್ ಮಾಡಿತು. ನಲ್ಲಿಯನ್ನು ಚೀಲಕ್ಕೆ ಹಾಕಿ, ಕಾಗದದ ಪೊಟ್ಟಣವನ್ನು ಕೈಯಲ್ಲೇ ಹಿಡಿದು ಅವರು ಹತ್ತಿದರು.