ಅರ್ಜಿಯಲ್ಲಿ ನಾಲ್ಕು ಜನ

ಕಡಿಮೆ ಬಾಡಿಗೆಗೆ ಫ್ಲ್ಯಾಟು ಕೊಡುವ ಕಚೇರಿಯಲ್ಲಿ ಸಾಲು ನಿಂತಿದ್ದೆ. ನನ್ನ ಮುಂದೆ ಇಸ್ತ್ರಿ ಅಂಗಡಿಯ ಅತ್ತೆ, ಸೊಸೆ. ನಾನೇನೂ ಕದ್ದು ಕೇಳಲಿಲ್ಲ ಸ್ವಾಮಿ, ಅವರ ಗಂಟಲೇ ಅಷ್ಟು ದೊಡ್ಡದು. ಅರ್ಜಿ ಓದುತ್ತಿದ್ದ ಅತ್ತೆ ಸೊಸೆಯ ತೋಳು ಹಿಡಿದಳು.

“ನಾಲ್ಕು ಜನ ಅಂತ ಬರ್ದಿದೀಯಲ್ಲೇ! ನೀನು, ನಾನು, ನನ್ನ ಮಗ. ಮೂರೇ ತಾನೆ?”

“ನಾಲ್ಕು ಜನ ಇದ್ರೇನೇ ಎರಡು ರೂಮಿನ ಮನೆ, ಅತ್ತೆ.”

“ಸುಳ್ಳು ಅಂತ ಗೊತ್ತಾದ್ರೆ ಒಂದು ರೂಮೂ ಸಿಗಲ್ಲ. ತಿದ್ದು, ತಿದ್ದು!”

“ಸುಳ್ಳಲ್ಲ.”

“ಮತ್ತೆ ನಿನ್ನ ತಮ್ಮ ಬರ್ತಾನಾ? ಆ ಗೊರಕೆರಾಯ ಬಂದ್ರೆ ನಾನು ಅಂಗಡೀಲೇ ಮಲಗ್ತೀನಿ, ಈಗ್ಲೇ ಹೇಳಿದೀನಿ.”

“ಅವನಲ್ಲ. ಅರ್ಜಿ ಹಿಂದೆ ಡಾಕ್ಟರ್ ಚೀಟಿ ಇದೆ ನೋಡಿ. ಹೊಟ್ಟೇಲಿರೋದನ್ನೂ ಸೇರಿಸ್ತಾರಂತೆ.”

ಅತ್ತೆ ಚೀಟಿ ನೋಡಿದಳು.

“ಅಯ್ಯೋ ನನ್ನ ಬಂಗಾರಿ! ನನ್ನ ಮಗ ಬಾಯೇ ಬಿಡ್ಲಿಲ್ವಲ್ಲ, ಕಳ್ಳ!”

“ಅವರಿಗಿನ್ನೂ ಹೇಳಿಲ್ಲ. ಹೇಳಿದ್ರೆ ಊರೆಲ್ಲಾ ಡಂಗುರ ಹೊಡೀತಾರೆ.”

“ಅಂದ್ರೆ ಅಪ್ಪನಿಗಿಂತ ಮೊದ್ಲು ಆಫೀಸಿಗೆ ಗೊತ್ತಾಯ್ತಾ!”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಅಷ್ಟರಲ್ಲಿ ಗುಮಾಸ್ತ ಕರೆದ. ಅತ್ತೆಯೇ ಮುಂದೆ ನುಗ್ಗಿದಳು.

“ಎರಡು ರೂಮಿಂದೇ ಕೊಡಿ ಸಾರ್, ಚೀಟಿ ಇದೆ!”

ಅವನು ಚೀಟಿ ಓದಿ ಠಸ್ಸೆ ಒತ್ತಿದ. “ಸರಿ ಅಮ್ಮಾ, ಎರಡು ರೂಮು. ಆದ್ರೆ ಖಾಲಿ ಇರೋದು ಮೂರನೇ ಮಹಡಿ, ಲಿಫ್ಟ್ ಇಲ್ಲ.”

“ಇರಲಿ ಬಿಡಿ. ಇವಳನ್ನ ನನ್ನ ಮಗ ಎತ್ಕೊಂಡು ಹತ್ತಲಿ!”

ಗುಮಾಸ್ತ ಕೊಟ್ಟ ಬೀಗದ ಕೈ ಹಿಡಿದು ಇಬ್ಬರೂ ಹೊರಟರು. ಬಾಗಿಲಾಚೆಯಿಂದಲೂ ಅತ್ತೆಯದೇ ದನಿ:

“ಯಾಕೆ ಎತ್ಕೋಬೇಕು ಅಂತ ಅವನಿಗೆ ನಾನೇ ಹೇಳ್ತೀನಿ ಕಣೇ, ನೀನು ಸುಮ್ನಿರು!”